ಸರ್ಜಾನ ಮಾರಿ ನೋಡಿದ ಮುಂಗಾರು

ಮೊನ್ನೆ ಕೆರೂರ ಸಂತೆಯಲ್ಲಿ ಇಳಿದಾಗ ಮಳೆ ಆಗಷ್ಟೇ ನಿಂತಿತ್ತು. ಎತ್ತುಗಳ ಹಬ್ಬ ಕಾರಹುಣ್ಣಿಮೆ ಹತ್ತಿರ ಬಂದಿದ್ದರಿಂದ ಅಂಗಡಿಗಳ ಮುಂದೆ ಹಗ್ಗ, ಗೊಂಡೆ, ಗೆಜ್ಜೆಸರ, ಕೋಡಿಗೆ ಬಳಿಯುವ ಬಣ್ಣದ ಡಬ್ಬಿಗಳು ತೂಗಾಡುತ್ತಿದ್ದವು. ಒಬ್ಬ ರೈತ ಅಲ್ಲೇ ಡಬ್ಬಿಯ ಮುಚ್ಚಳ ತೆಗೆಸಿ, ಕೆಂಪು ಬಣ್ಣವನ್ನು ಬೆರಳಿಗೆ ಹಚ್ಚಿ ನೋಡುತ್ತಿದ್ದ. ಹಸಿ ಮಣ್ಣಿನ ವಾಸನೆಗೆ ಆ ಎಣ್ಣೆಬಣ್ಣದ ಘಾಟು ಬೆರೆತು ಮೂಗಿಗೆ ಬಡಿಯಿತು. ಇಷ್ಟು ವರ್ಷವಾದರೂ ಆ ವಾಸನೆ ಬಂದರೆ ನನಗೆ ಹಬ್ಬ ನೆನಪಾಗುವುದಿಲ್ಲ. ಒಂದು ಎತ್ತಿನ ಮುಖ ನೆನಪಾಗುತ್ತದೆ.

ಆಗ ನಾನು ಕೆರೂರಿಗೂ ಬಾದಾಮಿಗೂ ನಡುವಿನ ಒಂದು ಊರಿನಲ್ಲಿ ದನದ ದವಾಖಾನೆಯ ಡಾಕ್ಟರಾಗಿದ್ದೆ. ಊರಿನ ಹೆಸರು ಬೇಡ, ಅಲ್ಲಿಯವರು ಈಗಲೂ ನನಗೆ ಬೇಕಾದವರು. ನಾನು ಇಳಕಲ್ಲಿನವಳು. ನಮ್ಮ ಮನೆಯಲ್ಲಿ ಮಗ್ಗವಿತ್ತು, ದನ ಇರಲಿಲ್ಲ. ದನದ ಮೈಮೇಲೆ ಮೊದಲ ಸಲ ಕೈ ಇಟ್ಟದ್ದು ಕಾಲೇಜಿಗೆ ಸೇರಿದ ಮೇಲೆ. ಹಾಗಾಗಿ ಹುಟ್ಟಿದಾಗಿನಿಂದ ಎತ್ತಿನ ಜೊತೆಗೇ ಬೆಳೆದ ರೈತರ ಎದುರು ನನಗೆ ಯಾವಾಗಲೂ ಒಂದು ಅಳುಕು. ದವಾಖಾನೆಯಲ್ಲಿ ನನ್ನ ಜೊತೆಗಿದ್ದ ಪಶುವೈದ್ಯಕೀಯ ಇನ್‌ಸ್ಪೆಕ್ಟರ್ ಇಮಾಮಸಾಬರು ಹುನಗುಂದದ ಕಡೆಯವರು. ಮಾತು ಕಡಿಮೆ, ನಗು ಇನ್ನೂ ಕಡಿಮೆ.

ಆ ಬೇಸಿಗೆಯಲ್ಲಿ ನನ್ನನ್ನು ಒಂದು ತರಬೇತಿಗೆ ಕಳಿಸಿದ್ದರು. ಅಲ್ಲಿ ಗೋಡೆಯ ತುಂಬ ದನ, ಕುರಿ, ಕುದುರೆಗಳ ಮುಖದ ಚಿತ್ರಗಳು. ನೋವು ತಿನ್ನುವ ಪ್ರಾಣಿ ಕೂಗುವುದಿಲ್ಲ, ಕೂಗಿದರೆ ಬೇಟೆಯಾಡುವ ಪ್ರಾಣಿಗೆ ಗೊತ್ತಾಗುತ್ತದೆಂದು ನೋವನ್ನು ನುಂಗಿಕೊಂಡು ನಿಲ್ಲುತ್ತದೆ, ಆದರೆ ಮುಖ ಎಲ್ಲವನ್ನೂ ಮುಚ್ಚಿಡಲಾರದು ಎಂದು ಕಲಿಸಿದರು. ಕಿವಿ ಹಿಂದಕ್ಕೆ ಬಿಗಿಯುತ್ತದೆ, ಇಲ್ಲವೇ ಜೋತು ಬೀಳುತ್ತದೆ. ಕಣ್ಣಿನ ಮೇಲೆ ಗೆರೆ ಮೂಡುತ್ತವೆ. ಮೂಗಿನ ಹೊರಳೆ ಅಗಲವಾಗಿ ಅದರ ಮೇಲೆ ಸುಕ್ಕು ಬೀಳುತ್ತದೆ. ಗಲ್ಲದ ಸ್ನಾಯು, ಕೆಳತುಟಿ ಕಲ್ಲಿನ ಹಾಗೆ ಗಟ್ಟಿಯಾಗುತ್ತವೆ. ಪ್ರತಿಯೊಂದಕ್ಕೂ ಅಂಕ ಕೊಟ್ಟು ಕೂಡಿಸಬೇಕು. ಕೊನೆಗೆ ಎಚ್ಚರಿಕೆಯನ್ನೂ ಹೇಳಿದರು: ಒಂದೇ ಗುರುತನ್ನು ನಂಬಬೇಡಿ, ನೊಣ ಕೂತರೂ ಕಿವಿ ಹಿಂದೆ ಹೋಗುತ್ತದೆ, ಹೆದರಿದರೂ ಹೊರಳೆ ಅಗಲವಾಗುತ್ತದೆ.

ಊರಿಗೆ ಬಂದು ಅಂಥ ಒಂದು ಚಿತ್ರವನ್ನು ದವಾಖಾನೆಯ ಗೋಡೆಗೆ ಅಂಟಿಸಿದೆ. ಬಂದ ದನವನ್ನೆಲ್ಲ ಮುಟ್ಟುವ ಮೊದಲು ದೂರ ನಿಂತು ಮುಖವನ್ನು ಸುಮ್ಮನೆ ನೋಡುವುದನ್ನು ರೂಢಿ ಮಾಡಿಕೊಂಡೆ. ಜನಕ್ಕೆ ಅದೊಂದು ಮೋಜು. ‘ನಮ್ಮ ಡಾಕ್ಟರ ಬಾಯಾರು ಎಮ್ಮಿ ಮಾರಿ ನೋಡಿ ಭವಿಷ್ಯ ಹೇಳ್ತಾರ’ ಎಂದು ಚಹಾದಂಗಡಿಯಲ್ಲಿ ನಗುತ್ತಿದ್ದರಂತೆ. ಇಮಾಮಸಾಬರು ಅದನ್ನು ನನಗೆ ಹೇಳುವಾಗ ತಾವು ಮಾತ್ರ ನಗಲಿಲ್ಲ. ‘ನೋಡೂಣ್ರಿ ಮೇಡಮ್, ನೋಡಿದ್ರ ಏನ್ ಹೋಗ್ತೈತಿ’ ಎಂದಿದ್ದರು.

ಕಾರಹುಣ್ಣಿಮೆಗೆ ಆ ಊರಲ್ಲಿ ತೆರಬಂಡಿ ಪಂದ್ಯ ಇಟ್ಟಿದ್ದರು. ಗಾಲಿ ತಿರುಗದಂತೆ ಕಟ್ಟಿದ ಬಂಡಿಯಲ್ಲಿ ಕಲ್ಲು ಹೇರಿ ಎತ್ತಿನ ಜೋಡಿಯಿಂದ ಎಳೆಸುತ್ತಾರೆ. ಯಾವ ಜೋಡಿ ದೂರ ಎಳೆಯುತ್ತದೋ ಅದಕ್ಕೆ ಬೆಳ್ಳಿ ಕಡಗ. ಸರಕಾರಿ ಡಾಕ್ಟರು ಪ್ರತಿ ಎತ್ತನ್ನೂ ನೋಡಿ ಒಪ್ಪಿದರೆ ಮಾತ್ರ ಹೂಡಬೇಕು ಎಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿತ್ತು. ಆ ಡಾಕ್ಟರು ನಾನು.

ಬೆಳಿಗ್ಗೆಯಿಂದಲೇ ಸೆಕೆ. ಪಡುವಣದಲ್ಲಿ ಮೋಡ ಕಟ್ಟಿದ್ದರೂ ಹನಿ ಬೀಳುತ್ತಿರಲಿಲ್ಲ. ಊರ ಹೊರಗಿನ ಬಯಲಲ್ಲಿ ಹಲಗೆವಾದ್ಯದ ಸದ್ದು, ಸೀಟಿ, ಮೈಕು. ಕೋಡಿನ ಬಣ್ಣ ಇನ್ನೂ ಒಣಗದೆ ಹೊಳೆಯುತ್ತಿತ್ತು. ನಾನು ಒಂದೊಂದೇ ಜೋಡಿಯನ್ನು ನೋಡಿ ಒಪ್ಪುತ್ತ ಬಂದೆ. ಕೊನೆಗೆ ಸಿದ್ದಪ್ಪನ ಜೋಡಿ ಬಂದಾಗ ಜನ ಸೀಟಿ ಹಾಕಿದರು. ಸಿದ್ದಪ್ಪ ನಲವತ್ತು ದಾಟಿದ ಗಟ್ಟಿ ಆಳು, ಬೀರಪ್ಪ ದೇವರ ಒಕ್ಕಲು. ಅವನ ಎರಡು ಖಿಲಾರಿ ತಳಿಯ ಎತ್ತು, ಸರ್ಜಾ ಮತ್ತು ಮಾಣಿಕ್ಯಾ, ಸುತ್ತಿನ ಊರಲ್ಲೆಲ್ಲ ಹೆಸರಾಗಿದ್ದವು. ಎರಡರ ಹಣೆಗೂ ಅಂಗೈಯಗಲ ಭಂಡಾರ, ದೇವರ ಅರಿಸಿನಪುಡಿ, ಬಳಿದಿದ್ದ.

ದೂರದಿಂದಲೇ ನೋಡಿದೆ. ಹಲಗೆ ಬಡಿದಾಗ ಮಾಣಿಕ್ಯಾನ ಕಿವಿ ಆ ಕಡೆ ತಿರುಗುತ್ತಿತ್ತು, ಮೈಕು ಒದರಿದಾಗ ಈ ಕಡೆ. ಸರ್ಜಾನ ಕಿವಿ ಯಾವ ಕಡೆಗೂ ತಿರುಗಲಿಲ್ಲ. ಹಿಂದಕ್ಕೆ ಬಿಗಿದು ಅಲ್ಲೇ ನಿಂತಿದ್ದವು. ಹಳದಿ ಭಂಡಾರದ ಕೆಳಗೆ, ಕಣ್ಣಿನ ಮೇಲೆ, ಮೂರು ಗೆರೆ. ಹೊರಳೆಯ ಮೇಲೆ ಸುಕ್ಕು. ಕಣ್ಣು ತೆರೆದೇ ಇತ್ತು, ಆದರೆ ಅದು ಎದುರಿಗಿದ್ದ ಯಾವುದನ್ನೂ ನೋಡುತ್ತಿರಲಿಲ್ಲ. ಗದ್ದಲಕ್ಕೆ ಹೆದರಿದೆಯೇ? ಹಾಗಿದ್ದರೆ ಪಕ್ಕದ ಎತ್ತೂ ಅದೇ ಗದ್ದಲದಲ್ಲಿದೆ, ಅದು ಯಾಕೆ ಹೀಗಿಲ್ಲ?

ಹತ್ತಿರ ಹೋಗಿ ಕಾಲು ನೋಡಿದೆ, ಗೊರಸು ನೋಡಿದೆ, ನಡೆಸಿ ನೋಡಿದೆ. ಕುಂಟಲಿಲ್ಲ. ಮೈಬಿಸಿ ಒಂದಿಷ್ಟು ಹೆಚ್ಚು, ಬಿಸಿಲಲ್ಲಿ ನಿಂತರೂ ಅಷ್ಟು ಬರುತ್ತದೆ. ಬೆನ್ನು ಚಿವುಟಿದೆ. ಎತ್ತು ಬಗ್ಗಲಿಲ್ಲ, ಅಲುಗಲಿಲ್ಲ. ಆರೋಗ್ಯವಾಗಿರುವ ದನ ಚಿವುಟಿದರೆ ಬೆನ್ನು ತಗ್ಗಿಸಬೇಕು. ಆದರೆ ಪಂದ್ಯಕ್ಕೆಂದು ಸಾಕಿದ ಇಂಥ ಮೈಗೆ ನನ್ನ ಚಿವುಟು ತಾಗಿತೋ ಇಲ್ಲವೋ?

‘ಇದು ಬೇಡ ಸಿದ್ದಪ್ಪ,’ ಎಂದೆ. ‘ಇವತ್ತು ಸರ್ಜಾನ್ನ ಹೂಡಬ್ಯಾಡ್ರಿ.’

ಮೈಕಿನ ಪಕ್ಕದಲ್ಲಿದ್ದ ಈರಣ್ಣ ಎದ್ದು ಬಂದ. ಪಂದ್ಯದ ಉಸ್ತುವಾರಿ ಅವನದು, ಪಂಚಾಯಿತಿ ಮೆಂಬರೂ ಹೌದು.

‘ಯಾಕ್ರಿ ಮೇಡಮ್ಮಾರ? ಕಾಲು ಕುಂಟತೈತೇನು?’

‘ಇಲ್ಲ.’

‘ಜ್ವರ?’

‘ಹೇಳಿಕೊಳ್ಳುವಷ್ಟಿಲ್ಲ.’

‘ಮತ್ತೇನಾಗೇತ್ರಿ ಅದಕ್ಕ?’

‘ಎಲ್ಲಿಯೋ ನೋವಿದೆ. ಎಲ್ಲಿ ಅಂತ ಗೊತ್ತಾಗಲಿಲ್ಲ. ಮಾರಿಯೊಳಗ ಕಾಣತೈತಿ.’

ಅಷ್ಟು ಸಾಕಾಯಿತು. ಮುಂದಿನ ಸಾಲಿನವರು ನಕ್ಕರು, ಅವರನ್ನು ನೋಡಿ ಹಿಂದಿನವರು ನಕ್ಕರು. ಯಾರೋ ‘ನನ್ನ ಮಾರಿನೂ ನೋಡ್ರಿ ಡಾಕ್ಟ್ರ’ ಎಂದು ಕೂಗಿದರು. ಸಿದ್ದಪ್ಪ ಮಾತ್ರ ನಗಲಿಲ್ಲ. ನನ್ನ ಹತ್ತಿರ ಬಂದು, ದನಿ ಏರಿಸದೆ ಕೇಳಿದ.

‘ಕರು ಇದ್ದಾಗಿಂದ ನನ್ನ ಕೈಯಾಗ ಬೆಳದೈತ್ರಿ ಇದು. ಇದರ ಮಾರಿ ನನಗಿಂತ ನಿಮಗ ಗೊತ್ತೈತೇನು?’

ಸುತ್ತಲೂ ಗಂಡಸರು, ಎಲ್ಲರ ಕಣ್ಣೂ ನನ್ನ ಮೇಲೆ. ಬಾಗಲಕೋಟೆಗೆ ಫೋನು ಮಾಡಿದೆ. ನನ್ನ ಮೇಲಿನವರು ಸಮಾಧಾನದಿಂದ ಕೇಳಿಸಿಕೊಂಡು, ‘ಅಲ್ಲಿ ಇರೋರು ನೀವು, ನೋಡಿದೋರು ನೀವು. ನಿಮಗೆ ಖರೆ ಅನಿಸಿದ್ದನ್ನ ಹೇಳ್ರಿ, ಆದ್ರ ಅದಕ್ಕ ನೀವೇ ಜವಾಬ್ದಾರಿ’ ಎಂದರು. ಫೋನು ಇಟ್ಟು ಮತ್ತೊಮ್ಮೆ ಸರ್ಜಾನ ಕಡೆ ನೋಡಿದೆ. ಗೆರೆ ಹಾಗೇ ಇದ್ದವು.

‘ನಾನು ಒಪ್ಪುವುದಿಲ್ಲ,’ ಎಂದೆ.

ಸಿದ್ದಪ್ಪ ಎರಡೂ ಎತ್ತುಗಳ ಹಗ್ಗ ಹಿಡಿದು ಜನರ ನಡುವಿನಿಂದ ಮನೆಯ ಕಡೆ ನಡೆದ. ದಾರಿ ಬಿಟ್ಟುಕೊಟ್ಟವರು ಅವನ ಮುಖ ನೋಡಲಿಲ್ಲ, ನೆಲ ನೋಡಿದರು. ಕಡಗ ಬೇರೆ ಊರಿಗೆ ಹೋಯಿತು. ಸಂಜೆಯ ಹೊತ್ತಿಗೆ ನಮ್ಮ ಊರಿನ ಮಾನ ಕಳೆದವಳು ನಾನೆಂದು ಎಲ್ಲ ಕಟ್ಟೆಯ ಮೇಲೂ ಮಾತಾಯಿತು.

ಮಿರಗದ ಮಳೆ, ಮೃಗಶಿರದ ಮಳೆ, ಮರುದಿನವೇ ಹಿಡಿಯಿತು. ಹೊಲ ಹದಕ್ಕೆ ಬಂದದ್ದೇ ಊರಿಗೆ ಊರೇ ಹೆಸರುಕಾಳು ಬಿತ್ತಲು ಇಳಿಯಿತು. ಆ ವಾರ ದವಾಖಾನೆಗೆ ಬರುವವರು ಕಡಿಮೆಯಾದರು. ಬಿತ್ತಿಗೆಯ ಗಡಿಬಿಡಿ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಬಂದವರು ಕೂಡ ನನ್ನನ್ನು ದಾಟಿ ಇಮಾಮಸಾಬರಿಗೆ ದನ ತೋರಿಸುತ್ತಿದ್ದರು. ಈರಣ್ಣ ಮೇಲಿನವರಿಗೆ ದೂರು ಕೊಟ್ಟ. ಆಧಾರವಿಲ್ಲದೆ ಎತ್ತನ್ನು ಹೊರಗಿಟ್ಟದ್ದು ಯಾಕೆಂದು ವಿವರಣೆ ಕೇಳಿದರು. ಕುರ್ಚಿಯಲ್ಲಿ ಕೂತು ಗೋಡೆಯ ಚಿತ್ರ ನೋಡಿದೆ. ಏನೆಂದು ವಿವರಿಸಲಿ? ಕಿವಿ ಹಿಂದಿದ್ದವು ಎಂದೇ?

ಆ ಹೊತ್ತಿಗೆ ಇಮಾಮಸಾಬರು ಛತ್ರಿ ಮಡಚುತ್ತ ಒಳಗೆ ಬಂದರು. ‘ಮೇಡಮ್, ಸಿದ್ದಪ್ಪ ಸರ್ಜಾನ್ನ ಕೂರಿಗಿಗೆ ಹೂಡ್ಯಾನ್ರಿ,’ ಎಂದರು. ‘ಛಲೋ ನಡದೈತಂತ.’

ನನಗೆ ತಲೆ ಎತ್ತಲಾಗಲಿಲ್ಲ. ಹಾಗಾದರೆ ಅವತ್ತು ನಾನು ನೋಡಿದ್ದು ಏನು? ಗದ್ದಲದಲ್ಲಿ ಬೆವೆತು ನಿಂತ ಒಂದು ಎತ್ತನ್ನು ನೋಡಿ, ತರಬೇತಿಯ ಚಿತ್ರವನ್ನು ನಾನೇ ಅದರ ಮುಖಕ್ಕೆ ಅಂಟಿಸಿಬಿಟ್ಟೆನೇ? ಎದ್ದು ಹೋಗಿ ಗೋಡೆಯ ಚಿತ್ರದ ಒಂದು ಮೂಲೆಯನ್ನು ಕಿತ್ತೆ. ಇಮಾಮಸಾಬರು ನೋಡುತ್ತಿದ್ದರು. ‘ಹರೀಲಿಕ್ಕೆ ನಾಳೆನೂ ಬರತೈತ್ರಿ,’ ಎಂದರು. ‘ಮೊದಲ ಹೋಗಿ ಎತ್ತ ನೋಡಿ ಬರೂಣ.’

ಹೊಲಕ್ಕೆ ಹೋದೆವು. ಎರೆಮಣ್ಣು ಕಾಲಿಗೆ ಮೆತ್ತಿ ಒಂದೊಂದು ಹೆಜ್ಜೆಯೂ ಭಾರ. ಸಿದ್ದಪ್ಪ ಕೂರಿಗೆ ಹಿಡಿದಿದ್ದ. ಅವನ ಹೆಂಡತಿ ಲಕ್ಷ್ಮವ್ವ ಹಿಂದೆ ನಡೆಯುತ್ತ, ಉಡಿಯೊಳಗಿನ ಬೀಜವನ್ನು ಕೂರಿಗೆಯ ಬಟ್ಟಲಿಗೆ ಬಿಡುತ್ತಿದ್ದಳು. ನಮ್ಮನ್ನು ನೋಡಿಯೂ ಅವನು ಎತ್ತು ನಿಲ್ಲಿಸಲಿಲ್ಲ. ಲಕ್ಷ್ಮವ್ವ ಮಾತ್ರ ನಡೆಯುತ್ತಲೇ ಅಂದಳು: ‘ಎಲ್ಲಾರ ಮುಂದ ಮರ್ಯಾದಿ ತಗದ್ರಿ. ಇನ್ನ ಹೊಲಕ್ಕೂ ಬಂದ್ರೇನ್ರಿ ಬಾಯಾರ?’

ನಾನು ಬದುವಿನ ಮೇಲೆ ನಿಂತು ನೋಡಿದೆ. ಏರಿನಲ್ಲಿ ಸರ್ಜಾ ಸರಾಗ ಎಳೆಯಿತು. ಆದರೆ ಹೊಲದ ತಲೆಯಲ್ಲಿ ಹೊರಳಿ ಇಳಿಜಾರಿಗೆ ಬಂದಾಗ ಮುಂಗಾಲು ಇಡುವ ಮುನ್ನ ಒಂದು ಗಳಿಗೆ ತಡೆಯಿತು. ಹಗುರ ಇರುವ ಕಡೆಯೇ ಯಾಕೆ ತಡೆಯಬೇಕು? ಮುಂದಿನ ಸಾಲಿನಲ್ಲೂ ಅಲ್ಲಿಯೇ ತಡೆಯಿತು. ಪ್ರತಿ ಸಲ ಕಿವಿ ಹಿಂದಕ್ಕೆ, ಕಣ್ಣಿನ ಮೇಲೆ ಗೆರೆ, ಆಮೇಲೆ ಹೆಜ್ಜೆ. ಇಳಿಜಾರಿನಲ್ಲಿ ಹೊಟ್ಟೆಯ ಭಾರವೆಲ್ಲ ಎದೆಯ ಕಡೆ ಸರಿಯುತ್ತದೆ. ಥಟ್ಟನೆ ನನಗೆ ಹೊಳೆದದ್ದು ಆಗ. ಮೇವಿನ ಜೊತೆ ನುಂಗಿದ ತಂತಿಯೋ ಮೊಳೆಯೋ ಹೊಟ್ಟೆಯ ಮುಂದಿನ ಚೀಲದಲ್ಲಿ ಚುಚ್ಚಿಕೊಂಡು ನಿಂತಿದ್ದರೆ ಹೀಗೇ ಆಗುತ್ತದೆ. ಆ ಚೀಲಕ್ಕೂ ಗುಂಡಿಗೆಗೂ ನಡುವೆ ಇರುವುದು ತೆಳುವಾದ ಒಂದು ಪರದೆ. ಭಾರ ಎಳೆದಷ್ಟೂ ತಂತಿ ಮುಂದೆ ಹೋಗುತ್ತದೆ.

‘ಸಿದ್ದಪ್ಪ, ನಿಲ್ಲಸ್ರಿ!’ ನಾನು ಕೂಗಿದೆ. ‘ಒಂದು ಬಡಿಗಿ ಪರೀಕ್ಷೆ ಮಾಡೂಣು. ಎದಿ ಕೆಳಗ ಬಡಿಗಿ ಹಿಡಿದು ಎರಡೂ ಕಡೆಯಿಂದ ಮ್ಯಾಲ ಎತ್ತಬೇಕು. ಬೇರೆ ಏನೂ ಮಾಡೂದಿಲ್ಲ.’

‘ಹದ ಹೊಂಟೈತ್ರಿ. ಹೋಗ್ರಿ,’ ಎಂದ ಅವನು.

ಲಕ್ಷ್ಮವ್ವ ನಿಂತುಬಿಟ್ಟಳು. ಬೀಜ ಬಿಡುವ ಕೈ ನಿಂತದ್ದರಿಂದ ಅವನೂ ನಿಲ್ಲಲೇಬೇಕಾಯಿತು. ‘ನಿಲ್ಲಸು,’ ಎಂದಳು. ‘ನೋಡಿ ಹೋಗ್ಲಿ. ಏನೂ ಇಲ್ಲಂದ್ರ ಮತ್ತ ನಮ್ಮ ಹೊಲಕ್ಕ ಕಾಲಿಡೂದಿಲ್ಲ.’ ಉಡಿ ಬಿಗಿದು ಕಟ್ಟಿ, ಬದುವಿನಲ್ಲಿ ಬಿದ್ದಿದ್ದ ಜಾಲಿ ಬಡಿಗೆಯನ್ನು ತಾನೇ ತಂದಳು.

ಒಂದು ತುದಿ ಅವಳು ಹಿಡಿದಳು, ಇನ್ನೊಂದು ಇಮಾಮಸಾಬರು. ನಾನು ಸರ್ಜಾನ ಗಂಟಲಿಗೆ ಸ್ಟೆತಸ್ಕೋಪು ಒತ್ತಿದೆ. ಬಡಿಗೆ ಎದೆಯ ಕೆಳಗೆ ಮೆಲ್ಲಗೆ ಎದ್ದಿತು, ಇಳಿಯಿತು. ಹೊರಗೆ ಒಂದು ಸದ್ದೂ ಇಲ್ಲ. ಎತ್ತು ಬಾಲವನ್ನೂ ಅಲ್ಲಾಡಿಸಲಿಲ್ಲ. ನಾನು ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆದು ಸಿದ್ದಪ್ಪನಿಗೆ ಕೊಟ್ಟೆ. ಅವನು ಅನುಮಾನದಿಂದಲೇ ಕಿವಿಗೆ ಹಾಕಿಕೊಂಡ. ‘ಇನ್ನೊಮ್ಮೆ ಎತ್ತರಿ,’ ಎಂದೆ.

ಬಡಿಗೆ ಎದ್ದಿತು. ಸಿದ್ದಪ್ಪನ ಕಣ್ಣು ನನ್ನ ಕಡೆ ಹೊರಳಿದವು.

‘ನರಳಾಕತ್ತೇತಿ,’ ಎಂದ. ದನಿ ಸಣ್ಣದಾಗಿತ್ತು. ‘ಒಳಗ ನರಳಾಕತ್ತೇತ್ರಿ ಇದು.’ ಹಿಂದೆಯೇ ಹೆಂಡತಿಗೆ, ‘ಬಿಡು, ಬಡಿಗಿ ಬಿಡು, ಎತ್ತಬ್ಯಾಡ’ ಎಂದು ಹೆಚ್ಚುಕಡಿಮೆ ಕಿರುಚಿದ. ನೊಗದ ಹಗ್ಗವನ್ನು ಇಮಾಮಸಾಬರು ಬಿಚ್ಚಿದರು.

ಬಾಗಲಕೋಟೆಯ ದೊಡ್ಡ ದವಾಖಾನೆಗೆ ಟೆಂಪೊದಲ್ಲಿ ಒಯ್ಯುವಾಗ ಸರ್ಜಾನ ಮುಂಗಾಲಿನ ಕೆಳಗೆ ಮಣ್ಣಿನ ಚೀಲ ಹಾಕಿ ಎತ್ತರ ಮಾಡಿದ್ದೆವು. ಪ್ರತಿ ತಗ್ಗಿಗೂ ನಾನು ಅದರ ಮುಖ ನೋಡುತ್ತಿದ್ದೆ. ಸಿದ್ದಪ್ಪ ದಾರಿಯುದ್ದಕ್ಕೂ ಎತ್ತಿನ ಗಂಟಲಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಲಕ್ಷ್ಮವ್ವ ಸೆರಗಿನಲ್ಲಿ ಭಂಡಾರ ಕಟ್ಟಿಕೊಂಡು ಬಂದಿದ್ದಳು. ದವಾಖಾನೆಯಲ್ಲಿ ಎತ್ತನ್ನು ಇಳಿಸಿದ ಮೇಲೆ ಅದರ ಹಣೆಗೆ ಹಚ್ಚಲು ಹೋದವಳು, ಯಾಕೋ ತಡೆದು, ‘ಮಾರಿ ಮುಚ್ಚಿದ್ರ ನಿಮಗ ಕಾಣೂದಿಲ್ಲೇನೋ’ ಎಂದು ಬೆನ್ನಿಗೆ ಹಚ್ಚಿದಳು.

ಇಂಥ ಆಪರೇಷನ್ನಿನಲ್ಲಿ ದನವನ್ನು ಮಲಗಿಸುವುದಿಲ್ಲ. ಕಬ್ಬಿಣದ ಚೌಕಟ್ಟಿನೊಳಗೆ ನಿಲ್ಲಿಸಿ, ಎಡ ಪಕ್ಕೆಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ನಿಂತ ಹಾಗೆಯೇ ಹೊಟ್ಟೆ ತೆರೆಯುತ್ತಾರೆ. ಅಲ್ಲಿಯ ಹಿರಿಯ ಡಾಕ್ಟರು ಕೊಯ್ಯುವವರಾಗಿದ್ದರು. ನನ್ನನ್ನು ತಲೆಯ ಹತ್ತಿರ ನಿಲ್ಲಿಸಿ, ‘ನಾನು ಒಳಗೆ ನೋಡತೇನಿ, ನೀವು ಮಾರಿ ನೋಡ್ರಿ. ನೋವಾತಂದ್ರ ಹೇಳ್ರಿ’ ಎಂದರು. ಅವರ ಮಾತಿನಲ್ಲಿ ತಮಾಷೆ ಇರಲಿಲ್ಲ. ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿತು, ಆದರೆ ಒರೆಸಿಕೊಳ್ಳಲು ಪುರುಸೊತ್ತು ಇರಲಿಲ್ಲ.

ಚರ್ಮ ಬಿಚ್ಚಿತು. ಸರ್ಜಾ ಅಲುಗಲಿಲ್ಲ. ಕಿವಿ ಸಡಿಲವಾಗಿ ಪಕ್ಕಕ್ಕೆ ಇಳಿದಿದ್ದವು. ಹೊಟ್ಟೆಯ ಚೀಲ ತೆರೆದು ಡಾಕ್ಟರು ಮೊಣಕೈಯವರೆಗೆ ಕೈ ಇಳಿಸಿದರು. ನಾನು ಉಸಿರಾಟ ಎಣಿಸುತ್ತ ಒಂದು ಕ್ಷಣ ಎದೆಯ ಕಡೆ ಬಗ್ಗಿದ್ದೆ.

‘ತಡೀರಿ, ತಡೀರಿ!’ ಮೂಗುದಾರ ಹಿಡಿದಿದ್ದ ಸಿದ್ದಪ್ಪ ಕೂಗಿದ. ‘ಕಣ್ಣಿನ ಮ್ಯಾಲ ಗೆರಿ ಬಿದ್ದೂ!’

ನೋಡಿದೆ. ಬಿದ್ದಿದ್ದವು. ಹೊರಳೆಯೂ ಬಿಗಿದಿತ್ತು. ಡಾಕ್ಟರು ಕೈ ಅಲ್ಲೇ ನಿಲ್ಲಿಸಿ ಇನ್ನಷ್ಟು ಔಷಧ ಕೊಡಿಸಿದರು. ಕಾದೆವು. ಸಿದ್ದಪ್ಪನೂ ನಾನೂ ಎತ್ತಿನ ಮುಖದ ಎರಡು ಕಡೆ ನಿಂತು, ಆ ಗೆರೆಗಳು ಒಂದೊಂದಾಗಿ ಸಡಿಲವಾಗುವುದನ್ನೇ ನೋಡಿದೆವು. ಎಡಗಿವಿ ಇಳಿಯಿತು. ತುಟಿ ಸಡಿಲಾಯಿತು. ಅವನು ನನ್ನ ಕಡೆ ನೋಡಿದ, ನಾನು ತಲೆ ಆಡಿಸಿದೆ. ‘ಹೂಂ, ಈಗ ನಡೀಲ್ರಿ’ ಎಂದು ಅವನೇ ಡಾಕ್ಟರಿಗೆ ಹೇಳಿದ.

ಹೊರಗೆ ಬಂದ ಕೈಯಲ್ಲಿ ತುಕ್ಕು ಹಿಡಿದ ತಂತಿಯ ಒಂದು ತುಂಡಿತ್ತು, ಮನೆ ಕಟ್ಟುವವರು ಕಬ್ಬಿಣದ ಸಳಿ ಬಿಗಿಯುವ ತಂತಿ. ‘ತುದಿ ಪರದೆಗೆ ಹೊಕ್ಕಿತ್ತು,’ ಎಂದರು ಡಾಕ್ಟರು. ‘ಆ ಕಡೆ ಗುಂಡಿಗಿ ಬಡಿಯೋದು ನನ್ನ ಬೆರಳಿಗೆ ಹತ್ತತಿತ್ತು.’ ಲಕ್ಷ್ಮವ್ವ ತಂತಿಯನ್ನು ಕೈಗೆ ತೆಗೆದುಕೊಂಡು, ‘ನಮ್ಮ ಖೋಲಿದ ಇದು’ ಎಂದಳು. ಆ ಬೇಸಿಗೆಯಲ್ಲಿ ಅವರು ಹೊಸ ಖೋಲಿ ಕಟ್ಟಿಸಿದ್ದರು, ಕಣಿಕೆ ಮೇವಿನ ಬಣವೆಯ ಪಕ್ಕದಲ್ಲೇ.

ತಂತಿ ತೆಗೆದ ಮಾತ್ರಕ್ಕೆ ಭಯ ಹೋಗಲಿಲ್ಲ. ಒಳಗೆ ಕೀವಾದರೆ ಎತ್ತು ಉಳಿಯುವುದಿಲ್ಲವೆಂದು ಮೊದಲೇ ಹೇಳಿದ್ದರು. ಮನೆಗೆ ತಂದ ಮೇಲೆ ಸರ್ಜಾ ಮೇವು ಮೂಸಿ ಬಿಡುತ್ತಿತ್ತು. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು. ನಾನು ದಿನಾ ಹೋಗಿ ಇಂಜೆಕ್ಷನ್ ಕೊಡುವುದು, ಸಿದ್ದಪ್ಪ ‘ಇವತ್ತ ಹ್ಯಾಂಗ ಕಾಣತೈತ್ರಿ?’ ಎಂದು ಕೇಳುವುದು, ನಾನು ‘ಕಾಯೂಣು’ ಎನ್ನುವುದು. ಮಣ್ಣೆತ್ತಿನ ಅಮಾಸೆಯ ದಿನ ಹೋದಾಗ ಮನೆಯೊಳಗೆ ಮಣ್ಣಿನ ಎತ್ತುಗಳಿಗೆ ಪೂಜೆ ನಡೆದಿತ್ತು. ಸಿದ್ದಪ್ಪ ಮಾತ್ರ ಕೊಟ್ಟಿಗೆಯಲ್ಲಿ ಕೂತಿದ್ದ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ. ಸರ್ಜಾ ಮೆಲುಕು ಹಾಕುತ್ತಿತ್ತು, ಕಣ್ಣು ಅರೆ ಮುಚ್ಚಿಕೊಂಡು. ನಾವಿಬ್ಬರೂ ಬಹಳ ಹೊತ್ತು ಆ ಸದ್ದು ಕೇಳುತ್ತ ಕೂತೆವು.

ಆ ವರ್ಷದ ಹೆಸರಿನ ಬಿತ್ತಿಗೆ ಅವರ ಹೊಲದಲ್ಲಿ ಅರ್ಧಕ್ಕೇ ನಿಂತಿತು. ಉಳಿದರ್ಧ ಕರಿಯ ನೆಲವಾಗಿಯೇ ಉಳಿಯಿತು. ನನ್ನ ವಿವರಣೆ ಒಪ್ಪಿದರು, ದೂರು ಮುಂದೆ ಹೋಗಲಿಲ್ಲ. ಈರಣ್ಣ ನನ್ನೊಡನೆ ಕೊನೆಯವರೆಗೂ ನೆಟ್ಟಗೆ ಮಾತಾಡಲಿಲ್ಲ. ಆದರೆ ಒಂದು ಸಲ ತನ್ನ ಎಮ್ಮೆಯನ್ನು ತಂದು, ನನ್ನಿಂದ ದೂರ, ನನಗೆ ಅದರ ಮುಖ ಕಾಣುವ ಹಾಗೆ ನಿಲ್ಲಿಸಿದ್ದ.

ಹಿಂಗಾರಿ ಜೋಳದ ಬಿತ್ತಿಗೆ ಬಂದಾಗ ಸಿದ್ದಪ್ಪ ನನಗೆ ಹೇಳಿಕಳಿಸಿದ. ಸರ್ಜಾನನ್ನು ಮೊದಲ ಸಲ ಮತ್ತೆ ಹೂಡುವ ದಿನ. ಗಾಯ ಪೂರ್ತಿ ಕೂಡಿತ್ತು, ಮೈ ತುಂಬಿತ್ತು. ಬಡಿಗೆ ಇಟ್ಟು ನೋಡಿದೆ, ಗಂಟಲಲ್ಲಿ ನರಳಿಕೆ ಇಲ್ಲ. ಬೆನ್ನು ಚಿವುಟಿದರೆ ಚೆನ್ನಾಗಿ ತಗ್ಗಿಸಿತು. ಮುಖವನ್ನು ಎರಡೂ ಕಡೆಯಿಂದ ನೋಡಿದೆ, ಎಲ್ಲ ಸರಿ ಇತ್ತು. ‘ಹೂಡ್ರಿ,’ ಎಂದೆ. ‘ಯಾವ ಅಂಜಿಕಿನೂ ಇಲ್ಲ.’

ಲಕ್ಷ್ಮವ್ವ ಉಡಿಗೆ ಬೀಜ ತುಂಬಿಕೊಂಡಳು. ಪಕ್ಕದ ಹೊಲಗಳಲ್ಲಿ ಕೂರಿಗೆ ಆಗಲೇ ನಡೆದಿದ್ದವು. ಬಿಸಿಲು ಏರುತ್ತಿತ್ತು. ಸಿದ್ದಪ್ಪ ನೊಗ ಎತ್ತಿ ಮಾಣಿಕ್ಯಾನ ಹೆಗಲಿಗಿಟ್ಟು, ಸರ್ಜಾನ ಮುಂದೆ ಬಂದು ನಿಂತ. ಅದರ ಮುಖವನ್ನು ಹಾಗೇ ನೋಡಿದ, ನಾನು ಎಂದೂ ಅಷ್ಟು ಹೊತ್ತು ನೋಡಿರಲಿಲ್ಲ. ನೊಗ ಇಳಿಸಿದ.

‘ಇವತ್ತ ಬ್ಯಾಡ್ರಿ.’

‘ಯಾಕ? ಏನು ಕಂಡಿತು?’

‘ಗೊತ್ತಿಲ್ರಿ. ಒಲ್ಲೆ ಅಂತೈತಿ.’

ನಾನು ಮತ್ತೆ ನೋಡಿದೆ. ಕಿವಿ, ಕಣ್ಣು, ಹೊರಳೆ, ತುಟಿ. ನನಗೆ ಏನೂ ಕಾಣಲಿಲ್ಲ. ಅವನಿಗೆ ನಿಜವಾಗಿ ಏನಾದರೂ ಕಂಡಿತ್ತೋ, ಇಲ್ಲ ಕೈಯೇ ಏಳಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಲಕ್ಷ್ಮವ್ವ ಗಂಡನನ್ನು ನೋಡಿದಳು, ಎತ್ತನ್ನು ನೋಡಿದಳು. ಉಡಿಯ ಬೀಜವನ್ನು ಮತ್ತೆ ಬುಟ್ಟಿಗೆ ಸುರಿದಳು.

‘ಹಂಗಾರ ನಾಳೆ ಬಿತ್ತೂಣು,’ ಎಂದಳು. ‘ನಡೀರಿ, ಬಾಯಾರಿಗೆ ಚಹಾ ಮಾಡತೇನಿ.’

ಮುಂದೆ ಎತ್ತುಗಳು, ಅವುಗಳ ನಡುವೆ ಸಿದ್ದಪ್ಪ, ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತ ಲಕ್ಷ್ಮವ್ವ. ನಾನು ಎಲ್ಲರ ಹಿಂದೆ ನಡೆದೆ. ಬಿತ್ತುವವರು ಕೂರಿಗೆ ನಿಲ್ಲಿಸಿ ನಮ್ಮ ಕಡೆ ನೋಡಿದರು. ಯಾರೂ ನಗಲಿಲ್ಲ.